ನೀರಿಗೆ ಕೊಟ್ಟ ಕೀ

ಹಜ್ಜಿನಿಂದ ಬಂದ ಮೇಲೆ ಬಿಜೈಯಲ್ಲಿ ನನ್ನ ಹೆಸರೇ ಹೋಯಿತು. ಅರುವತ್ತೊಂದು ವರ್ಷ ನುಸೈಬಾ ಆಗಿದ್ದವಳು ಈಗ ಎಲ್ಲರಿಗೂ ಹಜ್ಜುಮ್ಮ. ಹಾಲಿನವನಿಗೂ ಹಜ್ಜುಮ್ಮ, ಪಕ್ಕದ ಮನೆಯ ಡ್ಯಾಫ್ನಿಗೂ ಹಜ್ಜುಮ್ಮ. ಹಾಗೆ ಕರೆಯಬೇಡಿ ಅಂತ ಒಂದೆರಡು ಸಲ ಗದರಿಸಿಯೂ ನೋಡಿದೆ. ಮಕ್ಕಾಕ್ಕೆ ಹೋಗಿ ಬಂದರೂ ಇವರ ಸಿಟ್ಟು ಮಾತ್ರ ಇಳಿಯಲಿಲ್ಲ ಅಂತ ನಕ್ಕರು. ಸಿಟ್ಟು ಅವರ ಮೇಲಲ್ಲ ಮಾರಾಯ್ರೆ, ನನ್ನ ಮೇಲೆಯೇ. ಯಾಕೆ ಅಂತ ಇಷ್ಟರವರೆಗೆ ಯಾರಿಗೂ ಹೇಳಿಲ್ಲ, ಇವತ್ತು ಹೇಳಿಬಿಡುತ್ತೇನೆ.

ನಮ್ಮ ಮನೆ ಸರ್ಕಾರಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದೆ. ಮನೆಗೆ ತಾಗಿಕೊಂಡು ಓಣಿಗೆ ಮುಖ ಮಾಡಿ ಮೂರು ಕೋಣೆಯ ಹೆಂಚಿನ ಕಟ್ಟಡ ಒಂದಿದೆ. ಅದನ್ನು ನನ್ನ ಗಂಡ ಉಸ್ಮಾನ್ ಹದಿನೇಳು ವರ್ಷ ದಮಯಂತಿ ಮತ್ತು ಪೂವಪ್ಪನಿಗೆ ಬಾಡಿಗೆಗೆ ಕೊಟ್ಟಿದ್ದರು. ಪೂವಪ್ಪ ಉಳ್ಳಾಲದ ಮೊಗವೀರ. ದೋಣಿ ನಿಲ್ಲುವ ದಕ್ಕೆಯಲ್ಲಿ ಬಲೆ ಹೊಲಿಯುವುದು ಅವನ ಕೆಲಸ, ಮಾತು ಕಮ್ಮಿ. ಮಾತೆಲ್ಲ ದಮಯಂತಿಯದ್ದು. ಅವಳು ಎದುರಿನ ಕೋಣೆಯಲ್ಲಿ ಮೀನೂಟದ ಮೆಸ್ ನಡೆಸುತ್ತಿದ್ದಳು. ಹಿಂದಿನ ಎರಡು ಕೋಣೆಯಲ್ಲಿ ಗಂಡ, ಹೆಂಡತಿ, ಮಗಳು ಹರ್ಷಿತಾ. ಬಸ್ಸಿನ ಡ್ರೈವರ್, ಕಂಡಕ್ಟರ್‌ಗಳು ಹನ್ನೆರಡೂವರೆಗೆಲ್ಲ ಬಂದು ಬೆಂಚಿನಲ್ಲಿ ಕೂತುಬಿಡುತ್ತಿದ್ದರು. ಅವಳ ಬೂತಾಯಿ ಮೀನಿನ ಪುಳಿಮುಂಚಿ ಸಾರಿಗಾಗಿ ಧರ್ಮಸ್ಥಳದ ಟ್ರಿಪ್ ಹತ್ತು ನಿಮಿಷ ತಡವಾಗಿ ಹೊರಟದ್ದೂ ಉಂಟು.

ಕರಾರು ಪತ್ರ ಹನ್ನೊಂದು ತಿಂಗಳದ್ದು. ಮೊದಲ ಮೂರು ಸಲ ಸ್ಟಾಂಪ್ ಪೇಪರಿನಲ್ಲಿ ಬರೆದರು, ಆಮೇಲೆ ಎರಡು ಕಡೆಗೂ ಉದಾಸೀನ. ಬಾಡಿಗೆ ಐದನೇ ತಾರೀಕಿಗೆ ತಪ್ಪದೆ ಬರುತ್ತಿರುವಾಗ ಪೇಪರು ಯಾರಿಗೆ ಬೇಕು? ನನಗೂ ದಮಯಂತಿಗೂ ದಿನಾ ಜಗಳ, ತುಳುವಿನಲ್ಲಿ. ಅವಳು ಮೀನು ತೊಳೆದ ನೀರು ನನ್ನ ಮಲ್ಲಿಗೆ ಗಿಡದ ಬುಡಕ್ಕೆ ಹರಿಯುತ್ತದೆ ಅಂತ ನಾನು. ನಿಮ್ಮ ಮಲ್ಲಿಗೆ ಅಷ್ಟು ಹೂ ಬಿಡುವುದೇ ನನ್ನ ಮೀನಿನ ನೀರಿನಿಂದ ಅಂತ ಅವಳು. ಜಗಳ ಮುಗಿದ ಮೇಲೆ ಒಂದು ಬಟ್ಟಲು ಪುಳಿಮುಂಚಿ ಗೋಡೆಯ ಮೇಲಿಂದ ಈ ಕಡೆ ಬರುತ್ತಿತ್ತು. ನಾನೂ ಬಟ್ಟಲನ್ನು ಖಾಲಿ ಕಳಿಸಿದವಳಲ್ಲ.

ನಮ್ಮ ಓಣಿಯಲ್ಲಿ ಕಾರ್ಪೊರೇಷನ್ ನೀರು ಬರುವುದು ಬೆಳಿಗ್ಗೆ ಐದಕ್ಕೆ, ಹೋಗುವುದು ಏಳಕ್ಕೆ, ಅದೂ ದಿನ ಬಿಟ್ಟು ದಿನ. ಹಾಗಾಗಿ ಯಾರಾದರೂ ಊರಿಗೆ ಹೋಗುವಾಗ ಮನೆಯ ಕೀಯನ್ನು ಪಕ್ಕದವರ ಕೈಗೆ ಕೊಟ್ಟು ಹೋಗುವುದು ಮೊದಲಿನಿಂದ ಬಂದ ಕ್ರಮ. ನೀರು ಬಂದಾಗ ಬಾಗಿಲು ತೆರೆದು ಡ್ರಮ್ಮು ತುಂಬಿಸಿಟ್ಟರೆ ಆಯಿತು. ನಾವು ಮಗಳು ಸುಹೈಲಾಳ ಮನೆಗೆ ಹೋದರೆ ನಮ್ಮ ಕೀ ದಮಯಂತಿಯ ಸೆರಗಿನಲ್ಲಿ, ಅವರು ಉಳ್ಳಾಲಕ್ಕೆ ಹೋದರೆ ಅವರ ಕೀ ನನ್ನ ಫ್ರಿಜ್ಜಿನ ಮೇಲೆ. ಹದಿನೇಳು ವರ್ಷದಲ್ಲಿ ಒಂದು ಚಮಚವೂ ಆಚೆ ಈಚೆ ಆಗಿರಲಿಲ್ಲ.

ಸೌದಿಯ ದಮ್ಮಾಮಿನಲ್ಲಿ ಹನ್ನೊಂದು ವರ್ಷ ದುಡಿದ ನನ್ನ ಮಗ ಅಝರ್ ಕೆಲಸ ಹೋಗಿ ವಾಪಸು ಬಂದ. ಎಂಟು ತಿಂಗಳು ಸೋಫಾದ ಮೇಲೆ ಮೊಬೈಲು ಒತ್ತುತ್ತಾ ಕೂತ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನದು ಹೆಗ್ಗಣ ಅಲ್ಲ, ಬಂಗಾರದಂಥ ಹುಡುಗ, ಅವನು ಹಾಗೆ ಕೂತಿರುವುದನ್ನು ನೋಡಿ ನನಗೆ ತಡೆಯುತ್ತಿರಲಿಲ್ಲ. ಒಂದು ದಿನ ಅವನೇ ಹೇಳಿದ.

"ಉಮ್ಮಾ, ದಮಯಂತಿಯಕ್ಕನ ಜಾಗದಲ್ಲಿ ಒಂದು ಶವರ್ಮಾ ಅಂಗಡಿ ಹಾಕಿದ್ರೆ ಹೇಗೆ? ಬಸ್‌ಸ್ಟ್ಯಾಂಡಿನ ಜನ ಉಂಟು. ಗಿರಾಕಿ ಹುಡುಕುವ ಕೆಲಸವೇ ಇಲ್ಲ."

ಎಂಟು ತಿಂಗಳಲ್ಲಿ ಮೊದಲ ಸಲ ಅವನ ಮುಖದಲ್ಲಿ ಕಳೆ ಕಂಡಿತ್ತು. ನನ್ನ ಗಂಡ ಮರುದಿನವೇ ದಮಯಂತಿಯನ್ನು ಕರೆದು ವಿಷಯ ಹೇಳಿದರು. ಅವಳು ಕೈ ಒರೆಸಿಕೊಂಡು ಜಗಲಿಯ ಕಂಬಕ್ಕೆ ಒರಗಿ ನಿಂತು ಕೇಳಿದಳು. ಮುಖ ಸಣ್ಣದಾಯಿತು, ಆದರೆ ಸ್ವರ ಏರಿಸಲಿಲ್ಲ.

"ಬಿಡುದಿಲ್ಲ ಅಂತ ನಾನು ಹೇಳುದಿಲ್ಲ ಉಸ್ಮಾನಾಕ. ಜಾಗ ನಿಮ್ಮದು, ಮಗನಿಗೆ ಬೇಕಾದ್ರೆ ಅಡ್ಡ ಬರ್ಲಿಕ್ಕೆ ನಾನು ಯಾರು? ಮೂರು ತಿಂಗಳು ಕೊಡಿ. ಹರ್ಷಿತಾಳ ಪಿಯುಸಿ ಪರೀಕ್ಷೆ ಒಂದು ಮುಗೀಲಿ. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರವೇ ಬೇರೆ ಜಾಗ ನೋಡ್ತೇನೆ. ಹತ್ತಿರವೇ ಬೇಕು, ಗಿರಾಕಿ ತಪ್ಪಿದ್ರೆ ನಾನು ಸತ್ತೆ."

ಇವರು ತಲೆಯಾಡಿಸಿದರು. ಇವರಿಗೆ ಅದು ಸರಿ ಅಂತ ಕಂಡಿತ್ತು. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಿಡದೆ ಇದ್ದವಳು ನಾನು. ಅವಳು ಆಚೆ ಹೋದ ಮೇಲೆ ಹೇಳಿದೆ: "ಮೂರು ತಿಂಗಳು ಅಂದವರು ಮೂರು ವರ್ಷ ಕೂರ್ತಾರೆ. ಅಷ್ಟರಲ್ಲಿ ನನ್ನ ಮಗ ಹುಚ್ಚ ಆಗ್ತಾನೆ." ಆ ಮಾತು ನನ್ನದೇ, ಈ ಬಾಯಿಯದ್ದೇ. ನನ್ನ ನಾಲಿಗೆಗೆ ಒಂದು ದಿನವಾದರೂ ಪಾರ್ಶ್ವವಾಯು ಬಡಿಯಬೇಕಾದದ್ದಿದ್ದರೆ ಅವತ್ತು ಬಡಿಯಬೇಕಿತ್ತು.

ನನ್ನ ಮಾತು ಇವರ ತಲೆಯಲ್ಲಿ ಕೂತಿತು. ಇವರು ಹೋಗಿ ಬ್ರೋಕರ್ ಕಮರುದ್ದೀನನ ಹತ್ತಿರ ಕೇಳಿದರು. ಕೋರ್ಟಿಗೆ ಹೋದರೆ ಐದು ವರ್ಷ ಎಳೆಯುತ್ತದೆ, ಕೀ ನಿಮ್ಮ ಕೈಗೆ ಬಂದರೆ ಅದೇ ಮನೆ ಖಾಲಿ ಮಾಡಿಕೊಟ್ಟ ಹಾಗೆ ಅಂತ ಅವನು ಹೇಳಿ ಕಳಿಸಿದ. ಕಾನೂನು ಓದಿದವನು ಬೇರೆ! ಅವನು ಓದಿದ್ದು ಏಳನೇ ಕ್ಲಾಸು.

ಅದಾಗಿ ಹದಿನೈದು ದಿನಕ್ಕೆ ಪೂವಪ್ಪನ ತಾಯಿ ಉಳ್ಳಾಲದಲ್ಲಿ ತೀರಿಹೋದರು. ದಮಯಂತಿ ಮೆಸ್ಸಿಗೆ ಬೀಗ ಹಾಕಿ, ಮಗಳ ಪುಸ್ತಕಗಳನ್ನು ಚೀಲಕ್ಕೆ ತುಂಬಿ, ಕೀ ಹಿಡಿದುಕೊಂಡು ನನ್ನ ಅಡುಗೆಮನೆಯ ಬಾಗಿಲಿಗೆ ಬಂದಳು. ಕಣ್ಣು ಕೆಂಪಾಗಿತ್ತು.

"ನುಸೈಬಾಕ್ಕ, ಬೊಜ್ಜ ಮುಗಿಸಿಯೇ ಬರುದು, ಹದಿಮೂರು ದಿನ ಆಗ್ತದೆ. ಬಂದ ಮರುದಿನವೇ ಒಲೆ ಹಚ್ಬೇಕು. ಕೊನೆಗೆ ಎರಡು ದಿನ ನೀರು ಬಂದಾಗ ಡ್ರಮ್ಮು ತುಂಬಿಸಿಡಿ, ಆಯ್ತಾ?"

"ಆಯ್ತು, ನೀನು ಹೋಗು" ಅಂದೆ. ಬೆನ್ನು ತಟ್ಟಿದೆ ಕೂಡ. ಉತ್ತರಕ್ರಿಯೆಗೆ ಅಂತ ಎರಡು ತೆಂಗಿನಕಾಯಿ ಕೊಟ್ಟೆ.

ಹತ್ತನೇ ದಿನ ಬೆಳಿಗ್ಗೆ ನೀರು ಬಂತು. ನಾನು ಹೋಗಿ ಡ್ರಮ್ಮು ತೊಳೆದು ತುಂಬಿಸಿ ಮುಚ್ಚಳ ಹಾಕಿ ಬಂದೆ. ಅವತ್ತು ಸಂಜೆ ಇವರು ಕೇಳಿದರು, "ಆ ಕೀ ಎಲ್ಲುಂಟು?" ಯಾಕೆ ಅಂತ ನಾನು ಕೇಳಲಿಲ್ಲ, ಯಾಕೆ ಅಂತ ಗೊತ್ತಿತ್ತು. ಫ್ರಿಜ್ಜಿನ ಮೇಲಿಂದ ತೆಗೆದು ಕೊಟ್ಟೆ. ತೆಗೆದುಕೊಳ್ಳುವ ಮೊದಲು ಇವರಾದರೂ ಒಮ್ಮೆ ಹಿಂದೆ ಮುಂದೆ ನೋಡಿದರು, ಕೊಡುವಾಗ ನಾನು ಅಷ್ಟೂ ನೋಡಲಿಲ್ಲ.

ಮರುದಿನ ಅಝರ್ ಒಂದು ಗೂಡ್ಸ್ ಟೆಂಪೋ ತಂದ. ಇಬ್ಬರು ಹಮಾಲಿಗಳು ಸಾಮಾನು ಹೊತ್ತರು. ಪಾತ್ರೆ ಪರಡಿ ಕಟ್ಟಿದ್ದು ನಾನು. ಗಾಜಿನ ಗ್ಲಾಸುಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿದೆ, ಒಂದೂ ಒಡೆಯಬಾರದು ಅಂತ. ಎಂಥ ಹೆಂಗಸು ನೋಡಿ ನಾನು! ಮನೆ ಒಡೆಯುವಾಗ ಗ್ಲಾಸಿನ ಚಿಂತೆ. ನಾನು ತುಂಬಿಸಿದ ಡ್ರಮ್ಮಿನ ನೀರನ್ನು ಹಮಾಲಿಗಳು ಓಣಿಗೆ ಚೆಲ್ಲಿ ಡ್ರಮ್ಮನ್ನೂ ಟೆಂಪೋಕ್ಕೆ ಏರಿಸಿದರು. ಟೆಂಪೋ ಸೀದಾ ಉಳ್ಳಾಲಕ್ಕೆ ಹೋಗಿ ಸಾವಿನ ಮನೆಯ ಅಂಗಳದಲ್ಲಿ ನಿಂತಿತು. ಅಲ್ಲಿ ನೆಂಟರೆಲ್ಲ ಕೂತಿದ್ದರಂತೆ. ಟೆಂಪೋ ಬಾಡಿಗೆ ನಾನೇ ಕೊಟ್ಟಿದ್ದೇನೆ, ಅಡ್ವಾನ್ಸೂ ವಾಪಸು ಕಳಿಸಿದ್ದೇನೆ, ಇನ್ನೆಂತ ಮಾಡಬೇಕು ಅಂತ ಇವರು ಆಮೇಲೆ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದರು.

ಸಂಜೆ ದಮಯಂತಿ ಬಂದಳು. ಸೂತಕದ ಸೀರೆಯಲ್ಲೇ ಬಂದಿದ್ದಳು. ಬಾಗಿಲಿಗೆ ಹೊಸ ಬೀಗ ನೋಡಿ ನಮ್ಮ ಗೇಟು ಹಿಡಿದು ನಿಂತಳು. ಇವರು ಜಗಲಿಗೆ ಹೋಗಿ, ನೀನೇ ಕೀ ಕೊಟ್ಟು ಹೋದದ್ದಲ್ವಾ ಅಂದರು.

"ನಾನು ನೀರಿಗೆ ಕೊಟ್ಟದ್ದು! ನುಸೈಬಾಕ್ಕ! ಹೊರಗೆ ಬನ್ನಿ ಒಮ್ಮೆ. ನೀರಿಗೆ ಕೊಟ್ಟದ್ದಲ್ವಾ? ಇವರಿಗೆ ಹೇಳಿ ನೀವು!"

ನಾನು ಕಿಟಕಿಯ ಪರದೆಯ ಹಿಂದೆ ನಿಂತಿದ್ದೆ. ಅವಳು ನಾಲ್ಕು ಸಲ ಕರೆದಳು, ನಾನು ಎಣಿಸಿದ್ದೇನೆ. ನಾಲ್ಕು ಸಲವೂ ನಾನು ಹೋಗಲಿಲ್ಲ. ಕೊನೆಗೆ ಪೂವಪ್ಪ ಬಂದು ಅವಳ ಕೈ ಹಿಡಿದು ಕರೆದುಕೊಂಡು ಹೋದ. ಪೊಲೀಸ್ ಸ್ಟೇಷನ್ನಿನಲ್ಲಿ ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಅಂದರಂತೆ. ಅವಳು ಹೋದಳು. ಬಿಡುವ ಜಾತಿಯಲ್ಲ ಅವಳು.

ಎರಡು ತಿಂಗಳಲ್ಲಿ ದಮಯಂತಿಯ ಪರವಾಗಿ ಲಿಗೋರಿ ಅಂತ ಒಬ್ಬ ವಕೀಲರಿಂದ ನೋಟಿಸು ಬಂತು. ಅಝರ್ ಅದನ್ನು ಊಟದ ಮೇಜಿನಲ್ಲಿ ಓದಿದ. ಕರಾರು ಮುಗಿದಿದ್ದರೂ ಸರಿ, ಹೊಸ ಪತ್ರ ಬರೆಯದಿದ್ದರೂ ಸರಿ, ಒಳಗೆ ವಾಸವಿರುವ ಬಾಡಿಗೆದಾರರನ್ನು ನೋಟಿಸು ಕೊಡದೆ, ಕೋರ್ಟಿನ ಆದೇಶ ಇಲ್ಲದೆ ಹೊರಹಾಕಲು ಮಾಲೀಕನಿಗೂ ಹಕ್ಕಿಲ್ಲ ಅಂತ ಇತ್ತು. ಹಾಗೆ ಹೊರಹಾಕಿದರೆ ಆರು ತಿಂಗಳೊಳಗೆ ಕೇಸು ಹಾಕಿ ಜಾಗ ವಾಪಸು ಕೇಳಬಹುದು ಅಂತಲೂ ಇತ್ತು. ನಮ್ಮ ಕಟ್ಟಡ ಅಂದ ಮೇಲೆ ಬಾಗಿಲೂ ನಮ್ಮದೇ ಅಂತ ತಿಳಿದಿದ್ದೆವು. ಬಾಡಿಗೆಗೆ ಇದ್ದವರಿಗೂ ಬಾಗಿಲಿನ ಮೇಲೆ ಹಕ್ಕು ಉಂಟು ಅಂತ ಅವತ್ತು ಗೊತ್ತಾಯಿತು. ಮಗನಿಗೆ ಬೇಕು ಅಂತ ಇದ್ದರೆ ಅದಕ್ಕೂ ಕಾನೂನಿನಲ್ಲಿ ದಾರಿ ಇತ್ತಂತೆ. ನೋಟಿಸು ಕೊಡಬೇಕು, ಸಮಯ ಕೊಡಬೇಕು, ಅಷ್ಟೇ. ಅವಳು ಕೇಳಿದ್ದೂ ಅಷ್ಟನ್ನೇ.

ನಮ್ಮ ಕಡೆಯ ವಕೀಲರು ಒಂದೇ ಮಾತು ಹಿಡಿದರು. ನಾವು ಹೊರಹಾಕಿದ್ದೇ ಅಲ್ಲ, ಅವಳೇ ಮನಸ್ಸಾರೆ ಕೀ ಕೊಟ್ಟು ಖಾಲಿ ಮಾಡಿದ್ದಾಳೆ. ಕೀ ಕೊಟ್ಟದ್ದು ಯಾರ ಕೈಗೆ? ನನ್ನ ಕೈಗೆ. ಹಾಗಾಗಿ ಸಾಕ್ಷಿ ನಾನು. ಒಂದು ಕಾಗದ ಟೈಪ್ ಮಾಡಿ ತಂದರು, ನಾನು ಓದದೆ ಸಹಿ ಹಾಕಿದೆ. ಓದದೆ ಅನ್ನುವುದೂ ಸುಳ್ಳೇ, ಅದರಲ್ಲಿ ಎಂತ ಇದೆ ಅಂತ ನನಗೆ ಗೊತ್ತಿತ್ತು.

ಇನ್ನು ಶವರ್ಮಾ ಅಂಗಡಿ. ಟೈಲ್ಸ್ ಹಾಕಿಸಲಿಕ್ಕೆ, ಶಟರ್ ಕೂರಿಸಲಿಕ್ಕೆ, ಕಾರ್ಪೊರೇಷನ್ನಿನ ಲೈಸೆನ್ಸಿಗೆ ಅಂತ ಐದು ತಿಂಗಳು ಹೋಯಿತು. ಐದು ತಿಂಗಳು ಆ ಜಾಗ ಖಾಲಿ ಬಿದ್ದಿತ್ತು! ಅವಳು ಕೇಳಿದ್ದು ಮೂರು. ಅಂಗಡಿ ಶುರುವಾದ ಮೇಲೆ ಕಂಡಕ್ಟರ್‌ಗಳು ಬಂದು ನೋಡಿ, ಇಲ್ಲಿ ಅನ್ನ ಇಲ್ವಾ, ಆ ಅಕ್ಕ ಎಲ್ಲಿ ಹೋದ್ರು ಅಂತ ಕೇಳಿ ಹೋಗುತ್ತಿದ್ದರು. ಒಂದೂವರೆ ವರ್ಷ ನಡೆಸಿ ಅಝರ್ ಕೈಚೆಲ್ಲಿದ. ದೋಹಾದಿಂದ ವೀಸಾ ಬಂದದ್ದೇ ಹೊರಟ. ಶಟರ್ ಎಳೆದು ಹೋದವನು ಫೋನಿನಲ್ಲಿ ಕೂಡ ಆ ಅಂಗಡಿಯ ಸುದ್ದಿ ಎತ್ತುವುದಿಲ್ಲ.

ಕೇಸು ಮಾತ್ರ ನಡೆಯುತ್ತಾ ಇತ್ತು. ವಾಯಿದೆ, ಮತ್ತೆ ವಾಯಿದೆ, ಹೀಗೆ ಮೂರು ವರ್ಷ.

ಆ ಹೊತ್ತಿಗೆ ನಮಗೆ ಹಜ್ಜಿನ ಪಟ್ಟಿಯಲ್ಲಿ ಹೆಸರು ಬಂತು. ಮದುವೆಯಾಗಿ ಬಂದ ವರ್ಷದಿಂದ ನಾನು ಅದನ್ನೇ ಬೇಡಿಕೊಂಡವಳು. ಸಂತೋಷಕ್ಕೆ ಅವತ್ತು ಕಾಲು ನೆಲದಲ್ಲಿ ಇರಲಿಲ್ಲ. ನಮ್ಮಲ್ಲಿ ಹಜ್ಜಿಗೆ ಹೊರಡುವವರು ಮೊದಲು ನೆಂಟರು, ನೆರೆಯವರು, ವ್ಯವಹಾರ ಇದ್ದವರು ಎಲ್ಲರ ಮನೆಗೂ ಹೋಗಿ ಪೊರುತ ಕೇಳಬೇಕು. ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪು ಮಾಡಿದ್ದರೆ ಮನ್ನಿಸಿಬಿಡಿ ಅಂತ. ನಮಾಜು ತಪ್ಪಿದ್ದನ್ನು ಅಲ್ಲಾಹ್ ಮನ್ನಿಸಬಹುದು. ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು. ಉಸ್ತಾದರು ಇದನ್ನು ಹಜ್ಜಿನ ಕ್ಲಾಸಿನಲ್ಲಿ ಹೇಳುವಾಗ ನಾನು ತಲೆ ತಗ್ಗಿಸಿ ಕೂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ನಲುವತ್ತೆರಡು ಮನೆಗೆ ಹೋದೆ. ಎಲ್ಲ ಕಡೆ ಚಾ, ಬಿಸ್ಕತ್ತು, ಕಣ್ಣೀರು, ಅಪ್ಪುಗೆ. ಕೊನೆಗೆ ಇವರಿಗೆ ಹೇಳದೆ ಸುರತ್ಕಲ್ ಬಸ್ಸು ಹತ್ತಿದೆ. ದಮಯಂತಿ ಅಲ್ಲಿ ಇಂಜಿನಿಯರಿಂಗ್ ಹುಡುಗರ ಪಿಜಿಯೊಂದರಲ್ಲಿ ಅಡುಗೆ ಮಾಡುತ್ತಾಳೆ ಅಂತ ಡ್ಯಾಫ್ನಿ ಹೇಳಿದ್ದಳು. ಹಿಂಬದಿಯ ಅಡುಗೆಮನೆಯಲ್ಲಿ ಅವಳು ಒಂದು ಬೆಟ್ಟದಷ್ಟು ಬೀನ್ಸ್ ಹೆಚ್ಚುತ್ತಾ ಕೂತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ಸ್ಟೂಲು ಒರೆಸಿ ಕೊಟ್ಟಳು. ಅದನ್ನು ಕೊಡದಿದ್ದರೆ ನನಗೆ ಸುಲಭ ಆಗುತ್ತಿತ್ತು.

"ಇಲ್ಲಿ ಮೀನು ಉಂಟಾ?" ಅಂದೆ.

"ಇಲ್ಲ. ಬರೀ ವೆಜ್. ಒಗ್ಗರಣೆ ವಾಸನೆಯಲ್ಲೇ ಮೂರು ವರ್ಷ ಹೋಯ್ತು" ಅಂದಳು. ಬೀನ್ಸ್ ಹೆಚ್ಚುತ್ತಲೇ, "ಹಜ್ಜಿಗೆ ಹೊರಟಿದ್ದೀರಂತೆ. ಪೊರುತ ಕೇಳ್ಲಿಕ್ಕೆ ಬಂದದ್ದಾ?" ಅಂದಳು. ಹದಿನೇಳು ವರ್ಷ ಗೋಡೆಯ ಆಚೆ ಇದ್ದವಳು, ಅವಳಿಗೆ ಎಲ್ಲ ಗೊತ್ತು.

"ಹೌದು. ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ರೆ..."

"ಗೊತ್ತಿಲ್ಲದೆ ಆದದ್ದು ಬಿಡಿ, ಅದು ಮಾಫಿ. ಗೊತ್ತಿದ್ದು ಆದದ್ದು ಎಂತದು? ಅದನ್ನು ನಿಮ್ಮ ಬಾಯಲ್ಲಿ ಹೇಳಿ."

ನಲುವತ್ತೆರಡು ಮನೆಯಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಾನು ಹೇಳಿದೆ. ಕೀ ನೀರಿಗೆ ಕೊಟ್ಟದ್ದು, ನಾನು ಡ್ರಮ್ಮು ತುಂಬಿಸಿದ್ದು, ಗೊತ್ತಿದ್ದೇ ಇವರ ಕೈಗೆ ಕೀ ಹಾಕಿದ್ದು, ಪರದೆಯ ಹಿಂದೆ ನಿಂತದ್ದು, ಎಲ್ಲ. ಹೇಳುತ್ತಾ ಹೇಳುತ್ತಾ ಅತ್ತೆ. ಅವಳು ಅಳಲಿಲ್ಲ.

"ಸರಿ. ಹದಿನೆಂಟನೇ ತಾರೀಕಿಗೆ ಕೋರ್ಟಿನಲ್ಲಿ ನಿಮ್ಮ ಸಾಕ್ಷಿ ಉಂಟಲ್ಲ, ಈಗ ಹೇಳಿದ್ದನ್ನೇ ಅಲ್ಲಿ ಹೇಳಿ. ಒಂದು ಮಾತು ಹೆಚ್ಚು ಬೇಡ, ಒಂದು ಮಾತು ಕಮ್ಮಿ ಬೇಡ. ನಾನೇ ಖಾಲಿ ಮಾಡಿ, ಈಗ ಆಸೆಗೆ ಬಿದ್ದು ಸುಳ್ಳು ಹೇಳ್ತಿದ್ದೇನೆ ಅಂತ ನಿಮ್ಮ ವಕೀಲರು ಬರೆದಿದ್ದಾರೆ ನುಸೈಬಾಕ್ಕ, ಕಾಗದದಲ್ಲಿ. ಅದು ಅಳಿಸ್ಬೇಕು. ಜಾಗ ಸಿಕ್ಕಿದ್ರೆ ಮೆಸ್ ಪುನಃ ಶುರು ಮಾಡ್ತೇನೆ. ಕಂಡಕ್ಟರ್‌ಗಳು ಈಗಲೂ ಫೋನ್ ಮಾಡ್ತಾರೆ. ನೀವು ಅಷ್ಟು ಹೇಳಿ, ಕೋರ್ಟಿನ ಮೆಟ್ಟಿಲಲ್ಲೇ ನಿಮ್ಮ ಪೊರುತ ಕೊಡ್ತೇನೆ."

"ಹೇಳ್ತೇನೆ" ಅಂದೆ. ಅವಳ ಬೀನ್ಸ್ ಹಿಡಿದ ಕೈ ಹಿಡಿದುಕೊಂಡೇ ಮಾತು ಕೊಟ್ಟೆ.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಬೊಬ್ಬೆ ಹಾಕಿದ್ದರೆ ನಾನೂ ಹಾಕುತ್ತಿದ್ದೆ, ಬೊಬ್ಬೆಯಲ್ಲಿ ನನ್ನನ್ನು ಗೆದ್ದವರಿಲ್ಲ. ಇವರು ಹಾಕಲಿಲ್ಲ. ಪಾಸ್‌ಪೋರ್ಟಿನ ಚೀಲ ತೆಗೆದು ಮೇಜಿನ ಮೇಲೆ ಇಟ್ಟರು.

"ಹೇಳು. ನಾನು ಹಜ್ಜಿಗೆ ಬರುದಿಲ್ಲ. ಕೋರ್ಟಿನಲ್ಲಿ ಹೆಂಡತಿಯೇ ಸುಳ್ಳ ಅಂದ ಮೇಲೆ ಯಾವ ಮುಖದಲ್ಲಿ ಇಹ್ರಾಮಿನ ಬಿಳಿ ಬಟ್ಟೆ ಉಡ್ಲಿ? ಇಬ್ಬರದ್ದೂ ಕ್ಯಾನ್ಸಲ್ ಮಾಡುವ. ನಿನಗೆ ಅದು ಆಗ್ತದಾದ್ರೆ ಹೇಳು."

ಅತ್ತ ದರಿ, ಇತ್ತ ಪುಲಿ. ದಮಯಂತಿಯ ಪೊರುತ ಇಲ್ಲದೆ ಹಜ್ಜಿಗೆ ಅರ್ಥವಿಲ್ಲ, ಅವಳ ಪೊರುತ ತೆಗೆದುಕೊಂಡರೆ ಹಜ್ಜೇ ಇಲ್ಲ. ಏಳು ದಿನ ಸರಿಯಾಗಿ ಉಣ್ಣಲಿಲ್ಲ. ಹೇಳುತ್ತೇನೆ ಅಂತ ಬೆಳಿಗ್ಗೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದು, ಸಂಜೆ ಸೂಟ್‌ಕೇಸು ಕಂಡ ಕೂಡಲೇ ಕರಗುವುದು, ಇದೇ ಆಯಿತು.

ಹದಿನೆಂಟಕ್ಕೆ ಕೋರ್ಟಿಗೆ ಹೋದೆವು. ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಅಂತ ಹೇಳಿಸಿದರು, ಹೇಳಿದೆ. ಲಿಗೋರಿಯವರು ಎದ್ದರು. ನರೆತ ಕೂದಲಿನ ಮೆತ್ತಗಿನ ಮನುಷ್ಯ, ನನ್ನನ್ನು ಹೆದರಿಸಲೇ ಇಲ್ಲ.

"ಅಮ್ಮಾ, ಕೀ ನಿಮ್ಮ ಕೈಗೆ ಕೊಟ್ಟದ್ದು ದಮಯಂತಿಯವರಾ?"

"ಹೌದು."

"ಎಂತಕ್ಕೆ ಕೊಟ್ಟದ್ದು?"

ಇವರು ಮುಂದಿನ ಬೆಂಚಿನಲ್ಲಿ ನೆಲ ನೋಡುತ್ತಾ ಕೂತಿದ್ದರು. ದಮಯಂತಿ ಗೋಡೆಯ ಬದಿಯಲ್ಲಿ ನಿಂತಿದ್ದಳು. ಅವಳು ನನ್ನನ್ನು ನೋಡಿ ಸಣ್ಣಗೆ ತಲೆಯಾಡಿಸಿದಳು, ಹೆದರಬೇಡಿ ಹೇಳಿ ಅಂತ.

"ನೆನಪಿಲ್ಲ" ಅಂದೆ.

"ಅವರು ಬೊಜ್ಜಕ್ಕೆ ಹೋಗಿದ್ದಾಗ ನೀವು ಅವರ ಮನೆಯ ಡ್ರಮ್ಮಿಗೆ ನೀರು ತುಂಬಿಸಿದ್ದು ಹೌದಾ ಅಲ್ವಾ?"

"ನೆನಪಿಲ್ಲ."

"ಮನೆ ಬಿಟ್ಟು ಹೋಗುವವರು ಡ್ರಮ್ಮಿಗೆ ನೀರು ತುಂಬಿಸಿಡಿ ಅಂತ ಹೇಳಿ ಹೋಗ್ತಾರಾ ಅಮ್ಮಾ?"

"ನನಗೆ ಎಂತದೂ ನೆನಪಿಲ್ಲ."

ಜಡ್ಜ್ ನನ್ನ ಮುಖವನ್ನು ಒಮ್ಮೆ ನೋಡಿ ಬರೆಸಿಕೊಂಡರು. ಚಿಕ್ಕ ಪ್ರಾಯದ ಹೆಂಗಸು ಆಕೆ, ನನ್ನ ಸುಹೈಲಾಳಷ್ಟೇ ಪ್ರಾಯ. ಹೊರಗೆ ಬಂದಾಗ ಮೆಟ್ಟಿಲಿನಲ್ಲಿ ದಮಯಂತಿ ಇರಲಿಲ್ಲ. ಬಸ್ಸು ಹಿಡಿದು ಕೆಲಸಕ್ಕೆ ಹೋಗಿದ್ದಳು.

ಹಜ್ಜಿಗೆ ಹೋದೆ. ಎಲ್ಲ ಮಾಡಿದೆ, ಒಂದೂ ಬಿಡಲಿಲ್ಲ. ಅರಫಾದ ಬಯಲಿನಲ್ಲಿ ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೆ ಕೈ ಎತ್ತಿ ನಿಂತೆ. ಎಲ್ಲರೂ ಮಕ್ಕಳಿಗೆ, ಮೊಮ್ಮಕ್ಕಳಿಗೆ ಬೇಡುತ್ತಿದ್ದರು. ನಾನು ಕೀಯ ಕಥೆ ಹೇಳಿದೆ. ಮೊದಲಿನಿಂದ ಕೊನೆಯವರೆಗೆ ನಮ್ಮ ಮನೆಮಾತು ಬ್ಯಾರಿಯಲ್ಲಿ, ಬಾಯಿಬಿಟ್ಟು ಹೇಳಿ ಅತ್ತೆ. ಪಕ್ಕದಲ್ಲಿದ್ದ ಕೇರಳದ ಹೆಂಗಸು, ಎಷ್ಟು ಭಕ್ತಿ ಅಂತ ನನ್ನ ಬೆನ್ನು ಸವರಿದಳು. ಯಾ ಅಲ್ಲಾಹ್, ಭಕ್ತಿಯಂತೆ!

ಬಂದ ಮೇಲೆ ಮನೆ ಮನೆಗೆ ಮಕ್ಕಾದ ಝಂಝಂ ನೀರು, ಖರ್ಜೂರ ಹಂಚಿದೆ. ಒಂದು ಬಾಟ್ಲಿ, ಒಂದು ಪೊಟ್ಟಣ ಬೇರೆ ತೆಗೆದಿಟ್ಟು ಪುನಃ ಸುರತ್ಕಲ್ ಬಸ್ಸು ಹತ್ತಿದೆ. ಅಷ್ಟರಲ್ಲಿ ಕೋರ್ಟಿನ ತೀರ್ಪು ಬಂದಿತ್ತು. ದಮಯಂತಿ ಸೋತಿದ್ದಳು. ಕೀಯನ್ನು ನೀರಿಗಾಗಿ ಕೊಟ್ಟದ್ದು ಅಂತ ಅವಳು ಹೇಳಿದ್ದಕ್ಕೆ ಸಾಕ್ಷಿ ಇಲ್ಲ, ಮನಸ್ಸಾರೆ ಬಿಟ್ಟುಕೊಟ್ಟ ಹಾಗೆ ಕಾಣುತ್ತದೆ ಅಂತ ಬರೆದಿದ್ದರು. ಇವರು ಅದನ್ನು ಕನ್ನಡಕ ಹಾಕಿ ಓದಿ ಮಡಚಿಟ್ಟು, ಚಾ ಕೂಡ ಕೇಳದೆ ಹೋಗಿ ಮಲಗಿದ್ದರು.

ಪಿಜಿಯ ಅಡುಗೆಮನೆಯಲ್ಲಿ ಸಾಂಬಾರು ಕುದಿಯುತ್ತಿತ್ತು. ಈ ಸಲ ಅವಳು ಸ್ಟೂಲು ಕೊಡಲಿಲ್ಲ. ನಾನು ನಿಂತೇ, ತಂದದ್ದನ್ನು ಕಟ್ಟೆಯ ಮೇಲೆ ಇಟ್ಟೆ.

"ದಮಯಂತಿ, ನಾನು ಲಿಗೋರಿಯವರ ಹತ್ತಿರ ಹೋಗ್ತೇನೆ. ನೆನಪುಂಟು ಅಂತ ಈಗ ಬರೆದು ಕೊಡ್ತೇನೆ."

"ನಾನು ಅವರ ಹತ್ತಿರ ಕೇಳಿ ಆಯ್ತು. ಅಪೀಲು ಕೂಡ ಇಲ್ಲವಂತೆ ಈ ಕೇಸಿಗೆ. ಹೊಸ ಕೇಸು ಹಾಕುವ ಅಂದ್ರು, ನಾನೇ ಬೇಡ ಅಂದೆ. ಹರ್ಷಿತಾಳ ಅಪ್ಪನಿಗೂ ಪ್ರಾಯ ಆಯ್ತು, ನನಗೂ ಸಾಕಾಯ್ತು."

ಏನಾದರೂ ಒಂದು ಹೇಳಲೇಬೇಕು ಅಂತ ಅನಿಸಿತು. ಸಾಕಾಯ್ತು ಅಂದ ಅವಳ ಮುಖವನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

"ಅರಫಾದಲ್ಲಿ ಎಲ್ಲ ಹೇಳಿದೆ ದಮಯಂತಿ. ಒಂದೂ ಮುಚ್ಚಿಡ್ಲಿಲ್ಲ. ಕೀ ನೀರಿಗೆ ಕೊಟ್ಟದ್ದು ಅಂತ ಕೂಗಿ ಹೇಳಿದೆ."

ಅವಳು ಸೌಟು ಹಿಡಿದು ನನ್ನ ಕಡೆ ತಿರುಗಿದಳು.

"ಯಾರಿಗೆ ಹೇಳಿದ್ದು?"

"ಅಲ್ಲಾಹನಿಗೆ."

"ಅವನಿಗೆ ಮೊದಲೇ ಗೊತ್ತಿತ್ತಲ್ಲ ನುಸೈಬಾಕ್ಕ" ಅಂದಳು. ಸ್ವರದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಗೊತ್ತಿಲ್ಲದೆ ಇದ್ದದ್ದು ಆ ಜಡ್ಜಮ್ಮನಿಗೆ."

ಹೊರಗೆ ಹುಡುಗರು ಊಟಕ್ಕೆ ಬಂದು ತಟ್ಟೆ ಬಡಿಯತೊಡಗಿದ್ದರು. ಅವಳು ಸಾಂಬಾರಿನ ಪಾತ್ರೆ ಎತ್ತಿಕೊಂಡು ಬಡಿಸಲಿಕ್ಕೆ ಹೋದಳು.